ಕಲಿಯುವ ವೈದ್ಯರಿಗೂ ಬಿಡುವು ಬೇಕು

ಓದಿನ ನಡುವೆ ನಾಲ್ಕು ದಿನ ರಜೆ ಸಿಕ್ಕರೆ ಮಣಿಪಾಲದ ವೈದ್ಯ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪನೆಗೊಂಡ 42 ಅಡಿ ಎತ್ತರದ ಬಾಹುಬಲಿ ಇದ್ದಾನೆ. ಉಡುಪಿಯಿಂದ ಎರಡೂ ಕಡೆ ಬಸ್ಸಿಗೆ ಬರವಿಲ್ಲ. ಸಂಜೆ ಕಾಪು ಕಡಲತೀರದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಚುರುಮುರಿ ಪೊಟ್ಟಣ ಹಂಚಿಕೊಳ್ಳುತ್ತ ನಡೆಯುವ ಎಳೆಯ ವೈದ್ಯರನ್ನು ಕಂಡು ‘ಇವರು ಓದುವುದು ಯಾವಾಗ?’ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಲ್ಲ.

ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದಂದಿನಿಂದ ಮಣಿಪಾಲದ ಗುಡ್ಡಕ್ಕೆ ದೇಶದೆಲ್ಲೆಡೆಯಿಂದ ಮಕ್ಕಳು ಬರುತ್ತಿದ್ದಾರೆ. ಎಲ್ಲಿಯೇ ಆಗಲಿ, ಸ್ನಾತಕೋತ್ತರ ಹಂತದಲ್ಲಿ ವಾರ್ಡ್, ಒಪಿಡಿ, ರಾತ್ರಿ ಪಾಳಿ, ಪ್ರಬಂಧ ಎಲ್ಲವೂ ಒಟ್ಟಿಗೇ ಹೆಗಲೇರುತ್ತವೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ಈ ಹಂತದವರಿಗೆ ವರ್ಷಕ್ಕೆ ಕನಿಷ್ಠ 20 ದಿನ ರಜೆ ಕೊಟ್ಟಿದೆ. ಕೆಲಸದ ತುರ್ತು ಇಲ್ಲದಿದ್ದರೆ ವಾರಕ್ಕೊಂದು ದಿನ ಬಿಡುವೂ ಉಂಟು. ವಾರಕ್ಕೆ 74 ಗಂಟೆ ಮೀರಿ ದುಡಿಸಬಾರದು, ದಿನಕ್ಕೆ 7–8 ಗಂಟೆ ನಿದ್ದೆ ಸಿಗಬೇಕು ಎಂದು ಆಯೋಗದ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿತು. ಆದರೆ ಆಸ್ಪತ್ರೆಯಲ್ಲಿ ತುರ್ತು ಇಲ್ಲದ ದಿನ ಯಾವುದು? ರಜೆ ಅರ್ಜಿ ಹಿಡಿದು ವಿಭಾಗ ಮುಖ್ಯಸ್ಥರ ಬಾಗಿಲಲ್ಲಿ ನಿಲ್ಲುವ ಅಳುಕೇ ಎಷ್ಟೋ ಮಂದಿಯನ್ನು ತಡೆಯುತ್ತದೆ. ನಿದ್ದೆಗೆಟ್ಟವರು ಬರೆದ ಔಷಧದ ಪ್ರಮಾಣ ತಪ್ಪಿದರೆ ಅದನ್ನು ಅನುಭವಿಸುವವನು ರೋಗಿ.

ಪಾಳಿಪಟ್ಟಿ ಸಿದ್ಧಪಡಿಸುವಾಗಲೇ ಪ್ರತಿಯೊಬ್ಬರ ಬಿಡುವಿನ ದಿನಗಳನ್ನೂ ಅದರಲ್ಲಿ ನಮೂದಿಸಿ ಎಂದು ರಾಜ್ಯದ ಎಲ್ಲ ವೈದ್ಯಕೀಯ ಕಾಲೇಜುಗಳಲ್ಲಿ ನಮ್ಮ ಮನವಿ.