ಹಾಡೇ ಕೈಯಲ್ಲಿರುವಾಗ ವಿಮರ್ಶೆಯ ಹಂಗೇಕೆ?

ಹೆವಿ ಮೆಟಲ್ ಎಂಬ ಹೆಸರು ಕೇಳಿದೊಡನೆ ನಮ್ಮ ಹಿರಿಯರಲ್ಲಿ ಹಲವರು ಮುಖ ಸಿಂಡರಿಸುವುದುಂಟು. ಅದು ಸಂಗೀತವೇ ಅಲ್ಲ, ಬರಿಯ ಗದ್ದಲ ಎಂಬುದು ಅವರ ತೀರ್ಮಾನ. ಚೆಂಡೆಯ ಪೆಟ್ಟು ಕೇಳಿದರೆ ಸಾಕು, ನಿದ್ದೆಗೆಟ್ಟು ಗದ್ದೆ ದಾಟಿ ಹೋಗಿ ಬೆಳಗಿನವರೆಗೆ ಬಯಲಾಟ ನೋಡುತ್ತಿದ್ದ ನಮ್ಮ ಕಾಸರಗೋಡಿನವರಿಗೆ ಗದ್ದಲದ ಮೇಲೆ ಇಷ್ಟೊಂದು ಕೋಪವೇಕೆ ಎಂದು ಕೇಳಬಹುದು. ಆದರೆ ಆ ವಾದ ಇಲ್ಲಿ ಬೇಡ. ನಮ್ಮ ಮೇಲಿನ ತರಗತಿಗಳಲ್ಲಿ ಈ ಸಂಗೀತವನ್ನು ಆಸ್ಥೆಯಿಂದ ಕೇಳುವ ಕೆಲವರಾದರೂ ಇದ್ದಾರೆ. ಅವರ ನಡುವೆ ಆಗಾಗ ಏಳುವ ಒಂದು ಪ್ರಶ್ನೆಯೇ ಈ ಲೇಖನದ ವಿಷಯ. ಹೊಸ ಆಲ್ಬಮ್ ಹೊರಬಂದ ಗಳಿಗೆಯಲ್ಲೇ ಅದು ಪೂರ್ತಿಯಾಗಿ ಮೊಬೈಲಿನಲ್ಲಿ ಸಿಗುತ್ತದೆ. ಕೇಳಿ ನೋಡಿದರೆ ಮುಗಿಯಿತು. ಹೀಗಿರುವಾಗ ಅದು ಹೇಗಿದೆ ಎಂದು ಮತ್ತೊಬ್ಬರು ಬರೆದ ವಿಮರ್ಶೆಯನ್ನು ಏಕೆ ಓದಬೇಕು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಮೇಲ್ನೋಟಕ್ಕೆ ಈ ಪ್ರಶ್ನೆಗೆ ಎದುರು ಮಾತೇ ಇಲ್ಲವೆಂದು ತೋರುತ್ತದೆ. ಆದರೂ ವಿಮರ್ಶೆ ಇಂದಿಗೂ ಬೇಕು, ಒಂದು ರೀತಿಯಲ್ಲಿ ಹಿಂದಿಗಿಂತಲೂ ಹೆಚ್ಚಾಗಿ ಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಸಮರ್ಥಿಸುವ ಮೊದಲು ಈ ವಿಮರ್ಶೆ ಹುಟ್ಟಿ ಬೆಳೆದ ಬಗೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು.

ಹೆವಿ ಮೆಟಲ್ ಸಂಗೀತದ ತವರು ಇಂಗ್ಲೆಂಡಿನ ಕೈಗಾರಿಕಾ ನಗರವಾದ ಬರ್ಮಿಂಗ್‌ಹ್ಯಾಮ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿನ ‘ಬ್ಲ್ಯಾಕ್ ಸಬ್ಬತ್’ ಎಂಬ ತಂಡದ ಮೊದಲ ಆಲ್ಬಮ್ 1970ರ ಫೆಬ್ರವರಿ 13ರಂದು ಹೊರಬಂತು. ನಾಲ್ವರು ಬಡ ಹುಡುಗರು ಒಂದೇ ದಿನದಲ್ಲಿ ಹಾಡಿ ನುಡಿಸಿ ಮುಗಿಸಿದ ಧ್ವನಿಮುದ್ರಿಕೆ ಅದು. ಅಮೆರಿಕದ ಪ್ರಸಿದ್ಧ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಎಂಬ ವಿಮರ್ಶಕರು ಅದನ್ನು ಹೀನಾಯವಾಗಿ ಹಳಿದರು. ‘ಕ್ರೀಮ್’ ಎಂಬ ತಂಡದ ಕಳಪೆ ಅನುಕರಣೆ ಎಂಬುದು ಅವರ ಬರಹದ ಸಾರ. ಓದುಗರು ಮಾತ್ರ ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 8ನೆಯ ಸ್ಥಾನಕ್ಕೂ ಅಮೆರಿಕದ ಪಟ್ಟಿಯಲ್ಲಿ 23ನೆಯ ಸ್ಥಾನಕ್ಕೂ ಏರಿತು. ಮುಂದೆ 2017ರಲ್ಲಿ ಅದೇ ರೋಲಿಂಗ್ ಸ್ಟೋನ್ ಪತ್ರಿಕೆ ಸರ್ವಶ್ರೇಷ್ಠ ಮೆಟಲ್ ಆಲ್ಬಮ್‌ಗಳ ಪಟ್ಟಿ ತಯಾರಿಸಿದಾಗ ಮೊದಲ ಸ್ಥಾನವನ್ನು ಇದೇ ತಂಡದ ‘ಪ್ಯಾರನಾಯ್ಡ್’ ಆಲ್ಬಮ್‌ಗೆ ಕೊಟ್ಟಿತು. ಹಿಂದೆ ಹಳಿದಿದ್ದ ಮೊದಲ ಆಲ್ಬಮ್‌ಗೆ ಐದನೆಯ ಸ್ಥಾನ ಸಿಕ್ಕಿತು.

ವಿಮರ್ಶೆ ಬೇಡವೆನ್ನುವವರಿಗೆ ಈ ಕತೆ ದೊಡ್ಡ ಆಯುಧ. ‘ನೋಡಿ, ದೊಡ್ಡ ದೊಡ್ಡ ವಿಮರ್ಶಕರೇ ಎಡವಿದ್ದಾರೆ, ಜನಸಾಮಾನ್ಯರ ಕಿವಿಯೇ ಗೆದ್ದಿದೆ’ ಎನ್ನುತ್ತಾರೆ ಅವರು. ಮಾತು ನಿಜ. ಆದರೆ ಕತೆಯ ಉಳಿದ ಭಾಗವನ್ನೂ ಹೇಳಬೇಕಲ್ಲವೆ? ಅದೇ ಲೆಸ್ಟರ್ ಬ್ಯಾಂಗ್ಸ್ 1972ರಲ್ಲಿ, ತಂಡದ ಹೆಸರಿನದೇ ಆದ ‘ಕ್ರೀಮ್’ ಎಂಬ ಪತ್ರಿಕೆಯಲ್ಲಿ ಬ್ಲ್ಯಾಕ್ ಸಬ್ಬತ್ ಬಗ್ಗೆ ಸಹಾನುಭೂತಿಯಿಂದ ದೀರ್ಘವಾಗಿ ಬರೆದರು. ಮೊದಲು ಬರೆದದ್ದು ಅಚ್ಚಿನಲ್ಲಿ ಉಳಿದಿತ್ತು. ತಿದ್ದಿಕೊಂಡದ್ದೂ ಅಚ್ಚಿನಲ್ಲಿ ಉಳಿಯಿತು. ಬರೆದಿಟ್ಟ ಅಭಿಪ್ರಾಯವನ್ನು ಪರೀಕ್ಷಿಸಬಹುದು, ತಪ್ಪೆಂದು ತೋರಿಸಬಹುದು. ಬಾಯಿಮಾತಿನ ‘ಸೂಪರ್’, ‘ಬೋರು’ ಎಂಬ ತೀರ್ಪುಗಳನ್ನು ಯಾರು ಪರೀಕ್ಷಿಸುತ್ತಾರೆ? ಅವು ಗಾಳಿಗೆ ಹೋದ ಮಾತುಗಳು.

ಹಿಂದೆ ವಿಮರ್ಶೆ ಮಾಡುತ್ತಿದ್ದ ಕೆಲಸವೇನು ಎಂಬುದನ್ನು ನೋಡೋಣ. ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ರೇಡಿಯೋದವರು ಈ ಸಂಗೀತವನ್ನು ಬಹಳವಾಗಿ ದೂರವಿಟ್ಟಿದ್ದರು. ಅಂಗಡಿಯಲ್ಲಿ ರೆಕಾರ್ಡು ತೂಗುತ್ತಿತ್ತು; ಕಿಸೆಯಲ್ಲಿ ಒಂದನ್ನು ಕೊಳ್ಳುವಷ್ಟೇ ಹಣವಿರುತ್ತಿತ್ತು. ಯಾವುದನ್ನು ಕೊಳ್ಳುವುದು? ಆಗ ದಾರಿ ತೋರಿಸಿದ್ದು ಪತ್ರಿಕೆ. ಬ್ರಿಟನ್ನಿನ ‘ಸೌಂಡ್ಸ್’ ವಾರಪತ್ರಿಕೆ 1979ರ ಮೇ ತಿಂಗಳಲ್ಲಿ ಹೊಸ ತಂಡಗಳ ಗುಂಪಿಗೆ ‘ಬ್ರಿಟಿಷ್ ಹೆವಿ ಮೆಟಲ್‌ನ ಹೊಸ ಅಲೆ’ ಎಂಬ ಹೆಸರನ್ನೇ ಕೊಟ್ಟಿತು. ಅದೇ ಪತ್ರಿಕೆಯ ವಿಶೇಷ ಸಂಚಿಕೆಯಾಗಿ 1981ರ ಜೂನ್‌ನಲ್ಲಿ ಹೊರಟ ‘ಕೆರಾಂಗ್’, ಜೆಫ್ ಬಾರ್ಟನ್ನರ ಸಂಪಾದಕತ್ವದಲ್ಲಿ ಸ್ವತಂತ್ರ ಪತ್ರಿಕೆಯಾಗಿ ಬೆಳೆಯಿತು. ಅಭಿಮಾನಿಗಳು ತಾವೇ ಬರೆದು ನಕಲು ತೆಗೆದು ಹಂಚುತ್ತಿದ್ದ ಚಿಕ್ಕ ಪತ್ರಿಕೆಗಳು, ಅಂಚೆಯಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಕ್ಯಾಸೆಟ್ಟುಗಳು ಇವೆಲ್ಲ ಸೇರಿಯೇ ‘ಮೆಟಾಲಿಕಾ’ದಂತಹ ತಂಡ 1983ರಲ್ಲಿ ಮೊದಲ ಆಲ್ಬಮ್ ತರುವ ಮುನ್ನವೇ ಕೇಳುಗರನ್ನು ಪಡೆದಿತ್ತು. ನಮ್ಮ ದೇಶದಲ್ಲಿಯೂ 1993ರಲ್ಲಿ ಅಲಹಾಬಾದಿನಲ್ಲಿ ಅಮಿತ್ ಸೈಗಲ್ ಅವರು ‘ರಾಕ್ ಸ್ಟ್ರೀಟ್ ಜರ್ನಲ್’ ಆರಂಭಿಸಿ, ಒಬ್ಬರನ್ನೊಬ್ಬರು ಅರಿಯದೆ ಚದುರಿಹೋಗಿದ್ದ ತಂಡಗಳನ್ನೂ ಕೇಳುಗರನ್ನೂ ಒಂದು ಪತ್ರಿಕೆಯ ಪುಟಗಳಲ್ಲಿ ಕೂಡಿಸಿದರು.

ಕಾಲ ಬದಲಾಯಿತು. 1999ರಲ್ಲಿ ನ್ಯಾಪ್‌ಸ್ಟರ್ ಬಂದು ಹಾಡುಗಳ ಹಂಚಿಕೆಯನ್ನು ಕಂಪ್ಯೂಟರಿಗೆ ತಂದಿತು. 2008ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಸ್ಪಾಟಿಫೈ 2019ರಲ್ಲಿ ಭಾರತಕ್ಕೂ ಬಂತು. 2020ರ ಕೋವಿಡ್ ಕಾಲದಲ್ಲಿ ಕೆರಾಂಗ್ ಪತ್ರಿಕೆಯ ವಾರದ ಮುದ್ರಣ ನಿಂತಿತು. ಕೊಳ್ಳುವ ಮುನ್ನ ಸಲಹೆ ಕೊಡುವುದು ವಿಮರ್ಶೆಯ ಹಳೆಯ ಉದ್ಯೋಗ; ಅದು ಬಹುಮಟ್ಟಿಗೆ ಮುಗಿಯಿತೆಂದು ಒಪ್ಪಿಕೊಳ್ಳಲೇಬೇಕು. ಕೊಳ್ಳುವುದೇ ಇಲ್ಲವೆಂದ ಮೇಲೆ ಕೊಳ್ಳುವವನಿಗೆ ಸಲಹೆಯೇಕೆ?

ಆದರೆ ವಿಮರ್ಶೆಗೆ ಅದೊಂದೇ ಉದ್ಯೋಗವೆ? ನಮ್ಮ ಊರುಗಳ ತಾಳಮದ್ದಳೆಯನ್ನು ನೆನೆಯಿರಿ. ರಾತ್ರಿ ಪ್ರಸಂಗ ಮುಗಿಯುತ್ತದೆ. ಮರುದಿನ ಚಹಾದಂಗಡಿಯ ಬೆಂಚಿನ ಮೇಲೆ ‘ನಿನ್ನೆಯ ಕರ್ಣ ಹೇಗಾಯಿತು?’ ಎಂಬ ಚರ್ಚೆ ಹತ್ತಿಕೊಳ್ಳುತ್ತದೆ. ಅಲ್ಲಿ ಕುಳಿತವರೆಲ್ಲ ರಾತ್ರಿ ಕೇಳಿದವರೇ. ಹೋಗಬೇಕೆ ಬೇಡವೆ ಎಂದು ತಿಳಿಯಲು ಯಾರೂ ಮಾತಾಡುತ್ತಿಲ್ಲ. ಅರ್ಥಧಾರಿಯ ವಾದ ಎಲ್ಲಿ ಏರಿತು, ಎಲ್ಲಿ ಜಾರಿತು, ಭಾಗವತರು ಆ ಪದ್ಯವನ್ನು ಏಕೆ ಎಳೆದರು ಎಂದು ಒಬ್ಬರು ಹೇಳುತ್ತಾರೆ. ‘ಅದು ಹಾಗಲ್ಲ’ ಎಂದು ಇನ್ನೊಬ್ಬರು ತಡೆಯುತ್ತಾರೆ. ಆ ಬೆಂಚಿನ ಮೂಲೆಯಲ್ಲಿ ಕುಳಿತು ಬಾಯಿ ಬಿಡದೆ ಕೇಳಿದ ಹುಡುಗ ಮುಂದಿನ ಪ್ರಸಂಗವನ್ನು ಬೇರೆ ಕಿವಿಯಿಂದಲೇ ಕೇಳುತ್ತಾನೆ. ನಿಜವಾದ ವಿಮರ್ಶೆ ಮಾಡುವುದು ಇದನ್ನೇ. ಅದು ಹೊಳೆ ದಾಟಿಸುವ ಅಂಬಿಗನಷ್ಟೇ ಅಲ್ಲ. ದಾಟಿದ ಮೇಲೆ ಊರು ತೋರಿಸುವ ನೆಂಟನೂ ಹೌದು.

ಒಂದು ಉದಾಹರಣೆ ಕೊಡುತ್ತೇನೆ. ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿ ಹದಿಹರೆಯದಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡರು. ಅವರು ಎಡಚರಾದುದರಿಂದ ತಂತಿಯನ್ನು ಒತ್ತಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು ಅವರು ಮತ್ತೆ ನುಡಿಸಿದರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್‌ನ ಹಲವು ಹಾಡುಗಳಲ್ಲಿ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನು ಬಹಳ ತಗ್ಗಿಸಿದರು. ತಂತಿ ಸಡಿಲವಾದರೆ ನೊಂದ ಬೆರಳಿಗೆ ಒತ್ತಲು ಸುಲಭ. ಜೊತೆಗೆ ಧ್ವನಿ ಭಾರವಾಗಿ, ಗಂಭೀರವಾಗಿ ಹೊರಡುತ್ತದೆ. ಇದನ್ನು ತಿಳಿಯದೆಯೂ ಆ ಹಾಡುಗಳನ್ನು ಕೇಳಬಹುದು. ತಿಳಿದು ಕೇಳಿದರೆ ಆ ಭಾರ ಎಲ್ಲಿಂದ ಬಂತು ಎಂಬುದು ಕಿವಿಗೆ ಗೋಚರಿಸುತ್ತದೆ. ಮೊಬೈಲು ಹಾಡನ್ನು ಕೊಡುತ್ತದೆ. ಈ ತಿಳಿವಳಿಕೆಯನ್ನು ಯಾರಾದರೊಬ್ಬರು ಬರೆಯಬೇಕಾಗುತ್ತದೆ.

‘ಆದರೆ ಮೊಬೈಲೇ ಮುಂದಿನ ಹಾಡನ್ನು ಸೂಚಿಸುತ್ತದಲ್ಲ?’ ಎಂದು ನೀವು ಕೇಳಬಹುದು. ಸೂಚಿಸುತ್ತದೆ, ನಿಜ. ಆದರೆ ಏಕೆ ಸೂಚಿಸಿತೆಂದು ಬಾಯಿಬಿಟ್ಟು ಹೇಳುವುದಿಲ್ಲ. ಇದನ್ನು ಕೇಳಿದವರು ಅದನ್ನೂ ಕೇಳಿದರು ಎಂಬ ಬಗೆಯ ಲೆಕ್ಕದ ಮೇಲೆ ಅದು ನಡೆಯುತ್ತದೆ. ಲೆಕ್ಕ ಹಾಕುವುದು ಬೇರೆ, ಬೆಲೆ ಕಟ್ಟುವುದು ಬೇರೆ. ನೀವು ನಿನ್ನೆ ಮೆಚ್ಚಿದ್ದನ್ನೇ ಹೋಲುವ ಇನ್ನೊಂದನ್ನು ಇಂದು ಬಡಿಸುವ ಯಂತ್ರ, ನಿಮಗೆ ಮೆಚ್ಚುಗೆಯಾಗದ, ಆದರೆ ಕೇಳಲೇಬೇಕಾದ ಒಂದನ್ನು ಹಟ ಹಿಡಿದು ಕೇಳಿಸುವುದು ಅಪರೂಪ. ಒಳ್ಳೆಯ ವಿಮರ್ಶಕ ಅದನ್ನು ಮಾಡುತ್ತಾನೆ. ಯಂತ್ರದೊಡನೆ ಜಗಳಾಡಲು ಬರುವುದಿಲ್ಲ; ವಿಮರ್ಶಕನೊಡನೆ ಜಗಳಾಡಬಹುದು. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ತನ್ನ ರುಚಿಯನ್ನು ಪ್ರಶ್ನಿಸದೆ ಒಪ್ಪಿಸಿಬಿಡುವ ಅಭ್ಯಾಸವಾದರೆ ಅದು ಸಂಗೀತಕ್ಕೆ ಮಾತ್ರ ನಿಲ್ಲಲಾರದು ಎಂಬುದೇ ನನ್ನ ಭಯ.

ಕೇಳುಗರೇ ವಿಮರ್ಶಕರಾದಾಗ ಏನಾಗುತ್ತದೆ ಎಂಬುದಕ್ಕೆ ಮೆಟಾಲಿಕಾದ ಇತಿಹಾಸದಲ್ಲೇ ಸಾಕ್ಷಿಯಿದೆ. 2008ರ ಸೆಪ್ಟೆಂಬರಿನಲ್ಲಿ ಅವರ ‘ಡೆತ್ ಮ್ಯಾಗ್ನೆಟಿಕ್’ ಹೊರಬಂದಾಗ ಹಾಡುಗಳನ್ನು ಮೆಚ್ಚಿದವರೂ ಧ್ವನಿಯ ಬಗ್ಗೆ ದೂರಿದರು. ಎಲ್ಲವೂ ಜೋರಾಗಿ ಕೇಳಿಸಬೇಕೆಂಬ ಹಟದಲ್ಲಿ ಸಣ್ಣ ಸದ್ದು ದೊಡ್ಡ ಸದ್ದುಗಳ ಅಂತರವನ್ನೇ ಅಳಿಸಿದ್ದರಿಂದ ಧ್ವನಿ ಒಡೆದು ಹೋಗಿದೆ ಎಂಬುದು ಅವರ ಆಕ್ಷೇಪ. ಬರಿಯ ಆಕ್ಷೇಪವಲ್ಲ: ‘ಗಿಟಾರ್ ಹೀರೋ’ ಎಂಬ ವಿಡಿಯೋ ಆಟದಲ್ಲಿ ಬಂದಿದ್ದ ಅದೇ ಹಾಡುಗಳ ಧ್ವನಿ ಇಷ್ಟು ಒಡೆದಿಲ್ಲವೆಂದು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಅಲೆಗಳ ಚಿತ್ರಸಹಿತ ತೋರಿಸಿಕೊಟ್ಟರು. ಆಲ್ಬಮ್‌ಗೆ ಕೊನೆಯ ಹದ ಕೊಟ್ಟ ತಂತ್ರಜ್ಞರೂ ತಮ್ಮ ಕೈಗೆ ಬರುವಾಗಲೇ ಅದು ಹಾಗಿತ್ತು ಎಂದು ಹೇಳಬೇಕಾಯಿತು. ನೋಡಿ, ಇವರಾರೂ ಸಂಬಳದ ವಿಮರ್ಶಕರಲ್ಲ. ಆದರೆ ಕಾರಣ ಕೊಟ್ಟರು, ಪುರಾವೆ ಕೊಟ್ಟರು. ಆದುದರಿಂದಲೇ ಅವರ ಮಾತಿಗೆ ತೂಕ ಬಂತು.

2002ರಲ್ಲಿ ಕೆನಡಾದಲ್ಲಿ ಆರಂಭವಾದ ‘ಎನ್‌ಸೈಕ್ಲೋಪೀಡಿಯಾ ಮೆಟಲ್ಲಮ್’ ಎಂಬ ಜಾಲತಾಣದಲ್ಲಿ ಇಂದು ಒಂದು ಲಕ್ಷಕ್ಕೂ ಮಿಕ್ಕಿದ ತಂಡಗಳ ವಿವರಗಳಿವೆ. ಅಲ್ಲಿ ಕೇಳುಗರೇ ವಿಮರ್ಶೆ ಬರೆಯುತ್ತಾರೆ. ಆದರೆ ‘ಚೆನ್ನಾಗಿದೆ’ ಎಂದು ಒಂದು ಸಾಲು ಗೀಚಿದರೆ ಪ್ರಕಟವಾಗದು. ಏಕೆ ಎಂದು ವಿವರಿಸಬೇಕು, ಅದನ್ನು ಓದಿ ನೋಡಿಯೇ ಸ್ವೀಕರಿಸುತ್ತಾರೆ. ವಿಮರ್ಶೆಯ ಕಾಲ ಮುಗಿಯಿತು ಎನ್ನುವ ಈ ದಿನಗಳಲ್ಲಿ ಇಷ್ಟೊಂದು ಜನ ಬಿಡಿಗಾಸಿಲ್ಲದೆ ಕುಳಿತು ಬರೆಯುತ್ತಿದ್ದಾರೆಂದರೆ ಅದರ ಅಗತ್ಯ ಯಾರಿಗೋ ಇದೆ ಎಂದಾಯಿತಲ್ಲವೆ?

ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ಸಣ್ಣವರಿಗೆ. ಮೆಟಾಲಿಕಾದವರು 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಅವರಿಗೆ ಯಾವ ವಿಮರ್ಶೆಯ ಊರುಗೋಲೂ ಬೇಕಿರಲಿಲ್ಲ. ಆದರೆ ಅದೇ ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ‘ಕ್ರಿಪ್ಟೋಸ್’ ತಂಡದ ಮಾತು ಬೇರೆ. ಅವರು 2013ರಲ್ಲಿ ಜರ್ಮನಿಯ ಹೆಸರಾಂತ ವಾಕೆನ್ ಉತ್ಸವದಲ್ಲಿ ನುಡಿಸಿದರು. ಮುಂದೆ ಜರ್ಮನಿಯ ಕಂಪೆನಿಯೊಂದರ ಮೂಲಕ ಆಲ್ಬಮ್‌ಗಳನ್ನು ತಂದರು. ಅಂತಹ ತಂಡದ ಹೆಸರನ್ನು ದೂರದ ಊರಿನ ಕೇಳುಗ ಹುಡುಕುವುದಾದರೂ ಹೇಗೆ? ಹೆಸರೇ ತಿಳಿಯದಿದ್ದರೆ ಹಾಡು ಕೈಯಲ್ಲಿದ್ದೂ ಇಲ್ಲದಂತೆ. ಕೋಟಿಗಟ್ಟಲೆ ಹಾಡುಗಳ ರಾಶಿಯಲ್ಲಿ ‘ಇದನ್ನೊಮ್ಮೆ ಕೇಳಿ’ ಎಂದು ಬೆರಳಿಟ್ಟು ತೋರಿಸುವವರೊಬ್ಬರು ಬೇಕು.

ಇಷ್ಟು ಹೇಳಿದ ಮೇಲೆ ವಿಮರ್ಶೆಯ ದೋಷಗಳನ್ನು ಮುಚ್ಚಿಡಲಾಗದು. ಆಲ್ಬಮ್ ಬಂದ ದಿನವೇ ವಿಮರ್ಶೆಯೂ ಬರಬೇಕೆಂಬ ಅವಸರ ಮೊದಲನೆಯದು. ಮೂರು ಸಲವೂ ಕೇಳದೆ ತೀರ್ಪು ಕೊಟ್ಟರೆ ಅದು ತೀರ್ಪಲ್ಲ. ಜಾಹೀರಾತು ಕೊಡುವ ಕಂಪೆನಿಯ ಆಲ್ಬಮನ್ನು ಹಳಿಯಲು ಪತ್ರಿಕೆ ಅಂಜುವುದು ಎರಡನೆಯದು. ಮೂರನೆಯದು ಅಂಕದ ಹುಚ್ಚು. ಹತ್ತಕ್ಕೆ ಎಂಟು, ಐದಕ್ಕೆ ನಾಲ್ಕು ನಕ್ಷತ್ರ! ಉತ್ತರ ಪತ್ರಿಕೆಯಲ್ಲಿ ಕೆಂಪು ಶಾಯಿಯಿಂದ ಬರಿಯ 32 ಎಂದು ಬರೆದು ಹಿಂದಿರುಗಿಸಿದರೆ ವಿದ್ಯಾರ್ಥಿ ಏನು ಕಲಿತಾನು? ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂದು ಅಂಚಿನಲ್ಲಿ ಬರೆದ ಎರಡು ಮಾತೇ ಅವನಿಗೆ ಪಾಠ. ಅಂಕ ನೋಡಿ ಮುಗಿಸುವ ಓದುಗರೂ, ಅಂಕ ಕೊಟ್ಟು ಮುಗಿಸುವ ವಿಮರ್ಶಕರೂ ಸೇರಿಯೇ ವಿಮರ್ಶೆಯ ಬೆಲೆ ಕಳೆದಿದ್ದಾರೆ. ಅಂತಹ ವಿಮರ್ಶೆ ಅಳಿದರೆ ನಷ್ಟವೇನೂ ಇಲ್ಲ.

ಕೊನೆಯದಾಗಿ ನಮ್ಮ ಭಾಷೆಯ ಮಾತು. ಇಲ್ಲಿಯವರೆಗೆ ಹೆಸರಿಸಿದ ಪತ್ರಿಕೆಗಳೆಲ್ಲವೂ ಇಂಗ್ಲಿಷಿನವು. ನಮ್ಮ ಮಕ್ಕಳು ಹಾಡನ್ನು ಇಂಗ್ಲಿಷಿನಲ್ಲಿ ಕೇಳುತ್ತಾರೆ; ಅದರ ಬಗ್ಗೆ ಎರಡು ಮಾತು ಬರೆಯಬೇಕಾದರೂ ಇಂಗ್ಲಿಷಿಗೇ ಕೈಚಾಚುತ್ತಾರೆ. ಚೆಂಡೆ ಮದ್ದಳೆಗಳ ನಡೆಯನ್ನು, ಭಾಗವತರ ಏರುಪದವನ್ನು ಬಣ್ಣಿಸಲು ಮಾತು ಕಟ್ಟಿಕೊಂಡ ನಮ್ಮ ಕನ್ನಡಕ್ಕೆ ಗಿಟಾರಿನ ಗುಡುಗನ್ನು ಬಣ್ಣಿಸುವ ಶಕ್ತಿ ಇಲ್ಲದೆ ಹೋಯಿತೆ? ಶಕ್ತಿ ಇದೆ, ಬಳಸಿ ನೋಡಿದವರು ಕಡಿಮೆ. ಗಡಿಯಾಚೆ ಕುಳಿತು ಕನ್ನಡ ಕಲಿಯುವ ನಮಗೆ ಈ ಮಾತು ಹೆಚ್ಚು ತಟ್ಟಬೇಕು. ಪರೀಕ್ಷೆಯ ಪ್ರಬಂಧಕ್ಕೆ ಮಾತ್ರ ಒದಗಿ, ಮನಸ್ಸಿಗೆ ಹಿಡಿಸಿದ ಸಂಗತಿಗೆ ಒದಗದ ಭಾಷೆ ಪುಸ್ತಕದ ಕಪಾಟಿನಲ್ಲೇ ಉಳಿದುಬಿಡುತ್ತದೆ.

ಆದುದರಿಂದ ವಿದ್ಯಾರ್ಥಿಗಳಲ್ಲಿ ನನ್ನದೊಂದು ಸಲಹೆ. ನಿಮಗೆ ಇಷ್ಟವಾದ ಒಂದು ಆಲ್ಬಮನ್ನು ಮೊದಲಿಂದ ಕೊನೆಯವರೆಗೆ, ನಡುವೆ ಬದಲಿಸದೆ, ಮೂರು ಸಲ ಕೇಳಿರಿ. ಅದರ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಅಂಕ ಕೊಡಬೇಡಿ, ಕಾರಣ ಕೊಡಿ. ಬರೆದದ್ದನ್ನು ಆ ಸಂಗೀತವನ್ನು ಒಪ್ಪದ ಒಬ್ಬರಿಗೆ, ಸಾಧ್ಯವಾದರೆ ಮನೆಯ ಹಿರಿಯರಿಗೆ, ಓದಿ ಹೇಳಿರಿ. ಅವರು ಒಪ್ಪಲೇಬೇಕೆಂದಿಲ್ಲ. ಏಕೆ ಒಪ್ಪುವುದಿಲ್ಲವೆಂದು ಅವರೂ ಕಾರಣ ಹೇಳತೊಡಗಿದರೆ ವಿಮರ್ಶೆ ತನ್ನ ಕೆಲಸ ಮಾಡಿದಂತೆಯೇ. ಅಂತಹ ಪುಟಗಳಿಗೆ ನಮ್ಮ ಶಾಲೆಯ ಕೈಬರಹದ ಪತ್ರಿಕೆಯಲ್ಲಿ ಸ್ಥಳ ಇದ್ದೇ ಇದೆ.