ಕಾಲು ಊದಿದೆಯೆಂದು ಅಮ್ಮನನ್ನು ಕೂರಿಸಬೇಡಿ

ಗರ್ಭಕೋಶದ ಅಥವಾ ಗರ್ಭಕೊರಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ತಿಂಗಳುಗಳ, ಒಮ್ಮೊಮ್ಮೆ ವರ್ಷಗಳ ಬಳಿಕ ಕಾಲು ಭಾರವೆನಿಸತೊಡಗುತ್ತದೆ. ಸಂಜೆಯ ಹೊತ್ತಿಗೆ ಕಾಲುಂಗುರ ಬಿಗಿಯುತ್ತದೆ, ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತದೆ. ಎಷ್ಟೋ ತಾಯಂದಿರು ಸಂಕೋಚದಿಂದ ಇದನ್ನು ಸೀರೆಯ ನೆರಿಗೆಯಡಿ ಮುಚ್ಚಿಡುತ್ತಾರೆ. ಗೊತ್ತಾದಾಗ ಮನೆಯವರು, 'ನೀನು ಏಳಬೇಡ, ಕೂತಿರು' ಎನ್ನುತ್ತಾರೆ. ಪ್ರೀತಿಯಿಂದ ಹೇಳಿದರೂ ಈ ಮಾತು ಕಾಲಿಗೆ ಹಿತವಲ್ಲ.

ಏಕೆಂದು ನೋಡೋಣ. ನಮ್ಮ ಮೈಯಲ್ಲಿ ರಕ್ತನಾಳಗಳಲ್ಲದೆ ದುಗ್ಧನಾಳಗಳ ಜಾಲವೂ ಇದೆ. ಅಂಗಾಂಶಗಳಲ್ಲಿ ಉಳಿದ ನೀರು, ಪ್ರೋಟೀನುಗಳನ್ನು ಅದು ರಕ್ತಕ್ಕೆ ಮರಳಿಸುತ್ತದೆ. ಇದರ ದಾರಿಯಲ್ಲಿ, ತೊಡೆಸಂದು ಮತ್ತು ಕಿಬ್ಬೊಟ್ಟೆಯಲ್ಲಿ, ದುಗ್ಧಗ್ರಂಥಿಗಳಿವೆ. ಕ್ಯಾನ್ಸರ್ ಇವುಗಳ ಮೂಲಕ ಹರಡಬಹುದಾದ್ದರಿಂದ ಕೆಲವೊಮ್ಮೆ ಇವನ್ನೂ ತೆಗೆಯಬೇಕಾಗುತ್ತದೆ. ಆಗ ಕಾಲುವೆ ಕಟ್ಟಿದ ಗದ್ದೆಯಂತೆ ಕಾಲಿನಲ್ಲಿ ರಸ ನಿಲ್ಲುತ್ತದೆ. ವಿಕಿರಣ ಚಿಕಿತ್ಸೆಯೂ ಆಗಿದ್ದರೆ ಸಾಧ್ಯತೆ ಇನ್ನಷ್ಟು. ಇದೇ ಲಿಂಫಿಡೀಮಾ. ಸೊಳ್ಳೆಯಿಂದ ಬರುವ ಆನೆಕಾಲು ರೋಗ ಇದಲ್ಲ, ಯಾರಿಗೂ ಅಂಟುವುದಿಲ್ಲ.

ರಕ್ತಕ್ಕೆ ಹೃದಯವೆಂಬ ಪಂಪು ಇದೆ. ದುಗ್ಧರಸಕ್ಕೆ ಅಂಥ ಪಂಪು ಇಲ್ಲ. ನಾಳಗಳ ಮಿಡಿತ, ಸ್ನಾಯುಗಳ ಒತ್ತಡ, ಆಳವಾದ ಉಸಿರಾಟ ಇವೇ ಅದನ್ನು ಮೇಲಕ್ಕೆ ತಳ್ಳುತ್ತವೆ. ಮೀನಖಂಡ ಆಡದೆ ಕೂತರೆ ರಸ ಏರುವುದು ಕಷ್ಟ. ವ್ಯಾಯಾಮದಿಂದ ಬಾವು ಹೆಚ್ಚುತ್ತದೆಂಬ ಹಳೆಯ ಭಯವನ್ನು ವೈದ್ಯರು ಈಗ ಬಿಟ್ಟಿದ್ದಾರೆ.

ಮೊದಲು ವೈದ್ಯರಿಗೆ ತೋರಿಸಿ. ಫಿಸಿಯೋಥೆರಪಿಸ್ಟ್ ಅಳತೆ ತೆಗೆದು ಬ್ಯಾಂಡೇಜನ್ನೋ ಬಿಗಿ ಕಾಲುಚೀಲವನ್ನೋ ಗೊತ್ತುಮಾಡುತ್ತಾರೆ. ಸಾಮಾನ್ಯವಾಗಿ ಅದನ್ನು ಧರಿಸಿಯೇ ವ್ಯಾಯಾಮ. ಆಳವಾಗಿ ಉಸಿರೆಳೆದು ಬಿಡುವುದು, ಮಲಗಿ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮೊಣಕಾಲು ಮಡಿಸಿ ಚಾಚುವುದು, ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಆಮೇಲೆ ಸಮದಾರಿಯಲ್ಲಿ ನಡಿಗೆ. 10 ನಿಮಿಷದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಬಹುದು. ಮರುದಿನ ಕಾಲು ಹೆಚ್ಚು ಭಾರವೆನಿಸಿದರೆ ಸ್ವಲ್ಪ ಇಳಿಸಿ, ಪೂರ್ತಿ ಬಿಡಬೇಡಿ. ಬಾವು ಸಂಪೂರ್ಣ ಹೋಗದಿರಬಹುದು, ಆದರೆ ಹತೋಟಿಗೆ ಬರುತ್ತದೆ. ತಡಮಾಡಿದಷ್ಟೂ ಚರ್ಮದಡಿಯ ಭಾಗ ಗಡುಸಾಗುತ್ತದೆ.

ಎರಡು ಎಚ್ಚರಿಕೆ: ಕಾಲು ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಸೋಂಕು, ಅಂದೇ ವೈದ್ಯರಲ್ಲಿಗೆ ಹೋಗಿ. ಒಂದು ಕಾಲು ಏಕಾಏಕಿ ಊದಿ ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರಬಹುದು. ಪರೀಕ್ಷೆಯಾಗುವವರೆಗೆ ತಿಕ್ಕುವುದೂ ಬೇಡ, ವ್ಯಾಯಾಮವೂ ಬೇಡ. ಬರಿಗಾಲಲ್ಲಿ ತಿರುಗದೆ, ಬೆರಳ ಸಂದುಗಳನ್ನು ಒಣಗಿಸಿ, ಹಿಮ್ಮಡಿ ಒಡೆಯದಂತೆ ನೋಡಿಕೊಂಡರೆ ಸೋಂಕಿನ ಭಯ ಕಡಿಮೆ.

ವಿದ್ಯಾರ್ಥಿಗಳೇ, ಇಲ್ಲಿ ನಿಮಗೂ ಕೆಲಸವಿದೆ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ದರ್ಜಿಯ ಟೇಪು ಹಿಡಿದು ಅಮ್ಮನ ಕಣಕಾಲು, ಮೀನಖಂಡ, ತೊಡೆಗಳನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವೈದ್ಯರಿಗೆ ಆ ಪುಟ ತುಂಬ ಉಪಯುಕ್ತ. ಸಂಜೆ ಓದಿಗೆ ಕೂರುವ ಮುನ್ನ ಅಮ್ಮನೊಂದಿಗೆ ಬೀದಿಯ ಕೊನೆಯವರೆಗೆ ನಡೆದು ಬನ್ನಿ. ಕೊಡ ಎತ್ತುವುದನ್ನು ನೀವು ವಹಿಸಿಕೊಳ್ಳಿ; ನಡಿಗೆಯನ್ನು ಮಾತ್ರ ಅವರಿಂದ ಕಸಿಯಬೇಡಿ.