ಹುಟ್ಟುವಾಗ ಕೊಡಬೇಕಾದದ್ದು

ಒಂದೇ ಪ್ರೋಗ್ರಾಮು ಹಲವು ಯಂತ್ರಗಳಲ್ಲಿ ನಡೆಯಬಹುದು. ಆದರೆ ಅದು ಸಂಪರ್ಕಿಸಬೇಕಾದ ಸರ್ವರಿನ ವಿಳಾಸ, ಉತ್ತರಕ್ಕಾಗಿ ಕಾಯಬೇಕಾದ ಅವಧಿ, ಇಂತಹವು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತವೆ. ಆದುದರಿಂದ ಈ ಮೌಲ್ಯಗಳನ್ನು ಪ್ರತ್ಯೇಕ ಕಡತದಲ್ಲಿ ಬರೆದಿಡುವುದು ವಾಡಿಕೆ. ಜಾವಾ ಭಾಷೆಯಲ್ಲಿ ಅವುಗಳನ್ನು ತಕ್ಕ ಸ್ಥಾನಕ್ಕೆ ತುಂಬುವ ಕೆಲಸವನ್ನು, 2004ರಲ್ಲಿ ತನ್ನ ಮೊದಲ ಪೂರ್ಣ ಆವೃತ್ತಿಯನ್ನು ಕಂಡ ‘ಸ್ಪ್ರಿಂಗ್’ ಎಂಬ ಸಾಧನವು ಮಾಡಿಕೊಡುತ್ತದೆ. ಕ್ಲಾಸಿನ ಫೀಲ್ಡೊಂದರ ಮೇಲೆ ‘ವ್ಯಾಲ್ಯೂ’ ಎಂಬ ಗುರುತನ್ನಿಟ್ಟರೆ ಸಾಕು. ವಿದ್ಯಾರ್ಥಿಗಳಿಗೆ ಈ ಸುಲಭೋಪಾಯವನ್ನೇ ಮೊದಲು ಕಲಿಸುವ ರೂಢಿಯುಂಟು. ಅದು ತರವಲ್ಲವೆಂದು ನಾವು ಹೇಳುತ್ತೇವೆ.

ಹೀಗೆನ್ನಲು ಕಾರಣವನ್ನು ಆಬ್ಜೆಕ್ಟು ಹುಟ್ಟುವ ಕ್ರಮದಲ್ಲಿಯೇ ಕಾಣಬಹುದು. ಮೊದಲು ಅದಕ್ಕೆ ಸ್ಮೃತಿಯಲ್ಲಿ ಎಡೆ ದೊರೆಯುತ್ತದೆ. ಆಗ ಅಂಕಿಯ ಫೀಲ್ಡುಗಳಲ್ಲಿ 0, ಪದ ಮೊದಲಾದವುಗಳ ಫೀಲ್ಡುಗಳಲ್ಲಿ ‘ನಲ್’, ಅಂದರೆ ಏನೂ ಇಲ್ಲ. ಬಳಿಕ ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರು, ಅನಂತರ ಬರೆದ ಸಾಲಿನ ಕ್ರಮದಲ್ಲಿ ಫೀಲ್ಡುಗಳ ಆರಂಭಿಕ ಮೌಲ್ಯಗಳು, ಕಡೆಗೆ ಆ ಕ್ಲಾಸಿನದೇ ಕನ್‌ಸ್ಟ್ರಕ್ಟರು. ಇಷ್ಟೆಲ್ಲ ಮುಗಿದ ತರುವಾಯವೇ ಸ್ಪ್ರಿಂಗ್ ಬಂದು ಗುರುತಿಟ್ಟ ಫೀಲ್ಡುಗಳನ್ನು ತುಂಬುವುದು. ಕನ್‌ಸ್ಟ್ರಕ್ಟರಿನೊಳಗೇ ಆ ಫೀಲ್ಡನ್ನು ಬಳಸಹೊರಟವರಿಗೆ ಬರಿಯ ಪಾತ್ರೆ ದೊರೆಯುತ್ತದೆ.

‘ನಲ್’ ದೊರೆತು ಪ್ರೋಗ್ರಾಮು ಒಡನೆಯೇ ನಿಂತುಹೋದರೆ ಅದು ಪುಣ್ಯವೆನ್ನಬೇಕು. ಕೇಡು ಇರುವುದು 0 ಯಲ್ಲಿ. ಜಾವಾದ ಸಾಕೆಟ್ಟಿಗೆ ಓದುವ ಕಾಲಮಿತಿ 0 ಎಂದರೆ ಕಾಯಬೇಡವೆಂದಲ್ಲ, ಮಿತಿಯಿಲ್ಲದೆ ಕಾಯಬೇಕೆಂದು ಅರ್ಥ! ಕಡತದಲ್ಲಿ 5000 ಮಿಲಿಸೆಕೆಂಡು ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಕನ್‌ಸ್ಟ್ರಕ್ಟರಿಗೆ ಸಿಕ್ಕುವುದು 0. ಆಚೆಯ ಸರ್ವರು ಮೌನವಾದ ದಿನ ಪ್ರೋಗ್ರಾಮೂ ಯಾವ ದೋಷವನ್ನೂ ವರದಿ ಮಾಡದೆ ಸುಮ್ಮನೆ ಕಾದು ಕುಳಿತಿರುತ್ತದೆ. ಕಡತವನ್ನು ನೂರು ಬಾರಿ ಓದಿದರೂ ತಪ್ಪು ಸಿಕ್ಕದು, ಏಕೆಂದರೆ ಅಲ್ಲಿ ತಪ್ಪಿಲ್ಲ.

ಆ ಗುರುತನ್ನು ಕನ್‌ಸ್ಟ್ರಕ್ಟರಿನ ಪ್ಯಾರಾಮೀಟರಿಗೆ ಇಟ್ಟರೆ ಸಂಗತಿಯೇ ಬೇರೆ. ಮೌಲ್ಯವನ್ನು ಕಡತದಿಂದ ತಂದ ಹೊರತು ಸ್ಪ್ರಿಂಗ್ ಕನ್‌ಸ್ಟ್ರಕ್ಟರನ್ನು ಕರೆಯಲಾರದು. ಫೀಲ್ಡನ್ನು ‘ಫೈನಲ್’ ಎಂದು ಸಾರಬಹುದು. ತುಂಬಲು ಮರೆತರೆ ಕಂಪೈಲರೇ ತಡೆಯುತ್ತದೆ. ಪರೀಕ್ಷಿಸುವಾಗ ಸ್ಪ್ರಿಂಗಿನ ಹಂಗೂ ಬೇಡ, ಮೌಲ್ಯವನ್ನು ನಾವೇ ಕೈಯಾರೆ ಕೊಡಬಹುದು. ಫೀಲ್ಡುಗಳು ತುಂಬಿದ ಮೇಲೆ ನಡೆಯುವ ‘ಪೋಸ್ಟ್‌ಕನ್‌ಸ್ಟ್ರಕ್ಟ್’ ಎಂಬ ಏರ್ಪಾಡು ಇದ್ದೇ ಇದೆಯಲ್ಲ ಎನ್ನುವವರುಂಟು. ಇದೆ, ನಿಜ. ಆದರೆ ಅಲ್ಲಿಯವರೆಗೆ ಆಬ್ಜೆಕ್ಟು ಅರೆಬರೆಯಾಗಿಯೇ ಇರುತ್ತದೆ, ‘ಫೈನಲ್’ ಎಂಬ ಕಾವಲೂ ತಪ್ಪಿಹೋಗುತ್ತದೆ.

ಹತ್ತು ಮೌಲ್ಯಗಳಿದ್ದರೆ ಕನ್‌ಸ್ಟ್ರಕ್ಟರು ಉದ್ದವಾಗುವುದೆಂಬ ಆಕ್ಷೇಪಣೆಯನ್ನೂ ನಾವು ಬಲ್ಲೆವು. ಆಗಲಿ, ಒಂದು ಕ್ಲಾಸು ಹತ್ತು ಮೌಲ್ಯಗಳನ್ನು ಬೇಡುತ್ತಿದ್ದರೆ ಅದು ಕಣ್ಣಿಗೆ ಬೀಳುವುದೇ ಲೇಸು. ಆಗ ಕ್ಲಾಸನ್ನು ಒಡೆಯಬಹುದು, ಇಲ್ಲವೆ ಆ ಹತ್ತನ್ನೂ ಒಂದೇ ಆಬ್ಜೆಕ್ಟಿನಲ್ಲಿ ಕೂಡಿಸಿ ಕೊಡಬಹುದು.